ಕವಾಸಾಕಿ ಕಾಯಿಲೆಯ ನಂತರ ಮಗುವಿನ ಹೃದಯ ಮತ್ತು ಆಟೋಟ: ಕೊಡಗಿನ ಪೋಷಕರಿಗೆ ಒಂದು ಮಾರ್ಗದರ್ಶಿ

ಐದು ದಿನವಾದರೂ ಇಳಿಯದ ಜ್ವರ, ಕೀವಿಲ್ಲದೆ ಕೆಂಪಾದ ಎರಡೂ ಕಣ್ಣುಗಳು, ಒಡೆದ ತುಟಿ, ಮೈಮೇಲೆ ದದ್ದು, ಊದಿದ ಕೈಕಾಲು, ಕುತ್ತಿಗೆಯಲ್ಲಿ ಗಂಟು ಇವುಗಳೊಂದಿಗೆ ಆಸ್ಪತ್ರೆ ಸೇರಿದ ಮಗುವಿಗೆ ಕವಾಸಾಕಿ ಕಾಯಿಲೆ ಎಂದು ಗೊತ್ತಾಗಿ, ಇಮ್ಯುನೊಗ್ಲೋಬ್ಯುಲಿನ್ (ದಾನಿಗಳ ರಕ್ತದಿಂದ ಪಡೆದ ಪ್ರತಿಕಾಯಗಳು) ಡ್ರಿಪ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಪೋಷಕರನ್ನು ಬಹುಕಾಲ ಕಾಡುವ ಪ್ರಶ್ನೆ ಒಂದಿದೆ: ಇನ್ನು ಮಗುವನ್ನು ಓಡಲು ಬಿಡಬಹುದೇ? ತೋಟದ ಏರು ಹತ್ತದೆ ಶಾಲೆಯ ಬಸ್ಸು ಸಿಗದ, ಹಾಕಿ ಕೋಲು ಹಿಡಿಯುವುದನ್ನು ಅಕ್ಷರಾಭ್ಯಾಸದ ಜೊತೆಗೇ ಕಲಿಯುವ ಕೊಡಗಿನಲ್ಲಿ ಈ ಪ್ರಶ್ನೆ ದಿನವೂ ಎದುರಾಗುತ್ತದೆ. ಇದಕ್ಕೆ ಮನೆಯವರ ಹೆದರಿಕೆ ಕೊಡುವ ಉತ್ತರವನ್ನಾಗಲಿ, ಮಗುವಿನ ಲವಲವಿಕೆ ಕೊಡುವ ಉತ್ತರವನ್ನಾಗಲಿ ನಂಬುವಂತಿಲ್ಲ. ನಂಬಬೇಕಾದದ್ದು ಎಕೋ (ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ) ವರದಿಯನ್ನು ಮತ್ತು ಅದನ್ನು ಓದಿದ ವೈದ್ಯರನ್ನು. ಈ ಮಾತನ್ನು ದಿನನಿತ್ಯದ ಬದುಕಿನಲ್ಲಿ ಪಾಲಿಸುವುದು ಹೇಗೆ ಎಂಬುದನ್ನು ಮುಂದೆ ಹಂತಹಂತವಾಗಿ ವಿವರಿಸಿದೆ.

ಕಾಯಿಲೆ ಹೃದಯಕ್ಕೆ ಮಾಡುವುದೇನು

ಜಪಾನಿನ ಮಕ್ಕಳ ವೈದ್ಯ ತೊಮಿಸಾಕು ಕವಾಸಾಕಿ 1961ರಲ್ಲಿ ಮೊದಲ ರೋಗಿಯನ್ನು ಕಂಡು, 1967ರಲ್ಲಿ ಪ್ರಕಟಿಸಿದ ವರದಿಯಿಂದ ಈ ಕಾಯಿಲೆಗೆ ಅವರ ಹೆಸರು ಬಂದಿತು. ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳನ್ನು ಕಾಡುವ ಇದು ರಕ್ತನಾಳಗಳ ಗೋಡೆಯ ಉರಿಯೂತ. ಇಂಥದ್ದೇ ಕಾರಣವೆಂದು ಇಂದಿಗೂ ಖಚಿತವಾಗಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲವಾದ್ದರಿಂದ ಮಗುವನ್ನು ಅಕ್ಕಪಕ್ಕದ ಮಕ್ಕಳಿಂದ ದೂರ ಇಡಬೇಕಾಗಿಲ್ಲ. ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ಕರೋನರಿ ರಕ್ತನಾಳಗಳ ಮೇಲೆ ಈ ಉರಿಯೂತಕ್ಕೆ ವಿಶೇಷ ಕಣ್ಣು. ಸವೆದ ಸೈಕಲ್ ಟ್ಯೂಬು ಒಂದೆಡೆ ಉಬ್ಬುವಂತೆ, ದುರ್ಬಲವಾದ ಗೋಡೆ ಕೆಲವು ಮಕ್ಕಳಲ್ಲಿ ಉಬ್ಬಿಕೊಳ್ಳುತ್ತದೆ. ಆದರೆ ಟ್ಯೂಬಿನಂತೆ ಅದು ಒಡೆಯುವುದು ತೀರ ಅಪರೂಪ. ನಿಜವಾದ ಅಪಾಯವೆಂದರೆ ಉಬ್ಬಿದ ಜಾಗದಲ್ಲಿ ರಕ್ತದ ಹರಿವು ನಿಧಾನವಾಗಿ ಹೆಪ್ಪುಗಟ್ಟುವುದು, ಅಥವಾ ವರ್ಷಗಳು ಕಳೆದಂತೆ ಅದರ ಅಂಚಿನಲ್ಲಿ ನಾಳ ಕಿರಿದಾಗುವುದು.

ಚಿಕಿತ್ಸೆಯೇ ಇಲ್ಲದಿದ್ದರೆ ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ಈ ಉಬ್ಬು ಬರಬಹುದು. ಜ್ವರ ಆರಂಭವಾದ ಹತ್ತು ದಿನಗಳ ಒಳಗೆ, ಮಗುವಿನ ತೂಕದ ಪ್ರತಿ ಕಿಲೋಗೆ 2 ಗ್ರಾಂ ಲೆಕ್ಕದಲ್ಲಿ ಇಮ್ಯುನೊಗ್ಲೋಬ್ಯುಲಿನ್ ಕೊಟ್ಟರೆ ಈ ಪ್ರಮಾಣ ನೂರಕ್ಕೆ ಐದರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಸಕಾಲದಲ್ಲಿ ಚಿಕಿತ್ಸೆ ಪಡೆದ ಬಹುಪಾಲು ಮಕ್ಕಳ ಕರೋನರಿ ನಾಳಗಳು ಸಹಜವಾಗಿಯೇ ಉಳಿಯುತ್ತವೆ.

ಹೆಜ್ಜೆ 1: ಕಾಗದಪತ್ರಗಳನ್ನು ಒಂದೇ ಕಡತದಲ್ಲಿ ಇಡಿ

ಡಿಸ್ಚಾರ್ಜ್ ಕಾರ್ಡು, ಎಕೋ ವರದಿಗಳು, ಇಸಿಜಿ, ರಕ್ತ ಪರೀಕ್ಷೆಗಳು, ಇಮ್ಯುನೊಗ್ಲೋಬ್ಯುಲಿನ್ ಕೊಟ್ಟ ದಿನಾಂಕ ಮತ್ತು ಪ್ರಮಾಣ ಇವಿಷ್ಟೂ ಒಂದೇ ಪ್ಲಾಸ್ಟಿಕ್ ಕಡತದಲ್ಲಿರಲಿ. ಪ್ರತಿಯೊಂದರ ಫೋಟೋ ಮನೆಯ ಇಬ್ಬರ ಫೋನಿನಲ್ಲಾದರೂ ಇರಲಿ. ಜ್ವರ ಬಂದಾಗ ವಿರಾಜಪೇಟೆಯಲ್ಲಿ ಒಬ್ಬ ವೈದ್ಯರು, ದಾಖಲಾದಾಗ ಮಡಿಕೇರಿಯಲ್ಲಿ ಇನ್ನೊಬ್ಬರು, ಎಕೋ ಮಾಡಿಸಿದಾಗ ಮೈಸೂರಿನಲ್ಲಿ ಮತ್ತೊಬ್ಬರು ನೋಡಿರುವುದು ನಮ್ಮ ಜಿಲ್ಲೆಯಲ್ಲಿ ಸಾಮಾನ್ಯ. ಹಿಂದಿನ ಎಕೋದ ಅಳತೆ ಮುಂದಿಲ್ಲದಿದ್ದರೆ, ನಾಳ ಹಿಗ್ಗುತ್ತಿದೆಯೋ ಕುಗ್ಗುತ್ತಿದೆಯೋ ಎಂದು ಹೇಳಲು ಎಂಥ ತಜ್ಞರಿಗೂ ಆಗುವುದಿಲ್ಲ.

ತಾಯಿ ಕಾರ್ಡನ್ನೂ ಅದೇ ಕಡತದಲ್ಲಿ ಇಡುವುದಕ್ಕೆ ಕಾರಣವಿದೆ. ಇಮ್ಯುನೊಗ್ಲೋಬ್ಯುಲಿನ್ ಪಡೆದ ಮಗುವಿಗೆ ದಡಾರ-ರುಬೆಲ್ಲಾ ಮತ್ತು ಚಿಕನ್‌ಪಾಕ್ಸ್ (ಸೀತಾಳೆ ಸಿಡುಬು) ಲಸಿಕೆಗಳನ್ನು ಸಾಮಾನ್ಯವಾಗಿ 11 ತಿಂಗಳು ಮುಂದೂಡಲಾಗುತ್ತದೆ, ಏಕೆಂದರೆ ಡ್ರಿಪ್ಪಿನಲ್ಲಿ ಬಂದ ಪ್ರತಿಕಾಯಗಳು ಆ ಲಸಿಕೆಗಳು ಕೆಲಸ ಮಾಡದಂತೆ ತಡೆಯುತ್ತವೆ. 16ರಿಂದ 24 ತಿಂಗಳಲ್ಲಿ ಹಾಕುವ ದಡಾರ-ರುಬೆಲ್ಲಾದ ಎರಡನೆಯ ಡೋಸು ಈ ಅವಧಿಯೊಳಗೇ ಬೀಳುವ ಸಾಧ್ಯತೆ ಹೆಚ್ಚು. ಆಶಾ ಕಾರ್ಯಕರ್ತೆಗೆ ಮತ್ತು ಅಂಗನವಾಡಿಗೆ ಇದನ್ನು ಮೊದಲೇ ತಿಳಿಸಿ, ಮುಂದೂಡಿದ ತಾರೀಖನ್ನು ಕಾರ್ಡಿನಲ್ಲಿ ಬರೆಸಿಕೊಳ್ಳಿ. ಊರಿನಲ್ಲಿ ದಡಾರ ಕಾಣಿಸಿಕೊಂಡರೆ ಕಾಯದೆ ವೈದ್ಯರನ್ನು ಕೇಳಬೇಕು.

ಹೆಜ್ಜೆ 2: ಎಕೋ ತಾರೀಖುಗಳನ್ನು ತಪ್ಪಿಸಬೇಡಿ

ಕಾಯಿಲೆ ಗೊತ್ತಾದಾಗ ಒಂದು, ಚಿಕಿತ್ಸೆಯ ನಂತರ ಒಂದೆರಡು ವಾರದೊಳಗೆ ಇನ್ನೊಂದು, ನಾಲ್ಕರಿಂದ ಆರು ವಾರಕ್ಕೆ ಮತ್ತೊಂದು ಎಕೋ ಮಾಡಿಸುವುದು ವಾಡಿಕೆ. ಮೊದಲ ಎಕೋದಲ್ಲೇ ಹಿಗ್ಗುವಿಕೆ ಕಂಡಿದ್ದರೆ ಇನ್ನೂ ಬೇಗ ಬೇಗ ಕರೆಯುತ್ತಾರೆ. ಮೂರನೆಯ ಎಕೋವನ್ನು ಬಿಟ್ಟುಬಿಡುವವರು ಬಹಳ, ಏಕೆಂದರೆ ಅಷ್ಟು ಹೊತ್ತಿಗೆ ಬೆರಳತುದಿಯ ಚರ್ಮ ಸುಲಿದು ಹೋಗಿ ಹೊಸದು ಬಂದಿರುತ್ತದೆ, ಮಗು ಉಣ್ಣುತ್ತಿರುತ್ತದೆ, ಅಂಗಳದಲ್ಲಿ ಗಲಾಟೆ ಮಾಡುತ್ತಿರುತ್ತದೆ. ಕರೋನರಿ ನಾಳದ ಉಬ್ಬಿಗೆ ನೋವಿಲ್ಲ, ಸದ್ದಿಲ್ಲ. ಮಗು ಚುರುಕಾಗಿದೆ ಎಂಬುದನ್ನು ಹೃದಯ ಸರಿಯಿದೆ ಎಂಬುದಕ್ಕೆ ಸಾಕ್ಷಿಯಾಗಿ ಇಟ್ಟುಕೊಳ್ಳುವಂತಿಲ್ಲ.

ಮಕ್ಕಳ ಹೃದ್ರೋಗ ತಜ್ಞರಲ್ಲಿ ಎಕೋ ಮಾಡಿಸಲು ಕೊಡಗಿನವರು ಸಾಮಾನ್ಯವಾಗಿ ಮೈಸೂರಿಗೋ ಮಂಗಳೂರಿಗೋ ಬೆಂಗಳೂರಿಗೋ ಇಳಿಯಬೇಕಾಗುತ್ತದೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ತಿರುವುಗಳಲ್ಲಿ ವಾಂತಿ ಮಾಡಿಕೊಂಡು, ಹಸಿದು, ಅಳುತ್ತಾ ಪರೀಕ್ಷಾ ಕೋಣೆಗೆ ಹೋದ ಎರಡು ವರ್ಷದ ಮಗುವಿನ ಎದೆಯ ಮೇಲೆ ಯಂತ್ರ ನಿಲ್ಲುವುದಿಲ್ಲ, ಒಂದೆರಡು ಮಿಲಿಮೀಟರ್ ಅಗಲದ ನಾಳವನ್ನು ಅಳೆಯಲು ಆಗುವುದಿಲ್ಲ. ಸಾಧ್ಯವಿದ್ದರೆ ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ, ಅಥವಾ ಮಗು ಮಧ್ಯಾಹ್ನ ಮಲಗುವ ಹೊತ್ತಿಗೆ ಸಮಯ ಕೇಳಿ. ನಿದ್ದೆ ಬರಿಸುವ ಔಷಧ ಕೊಡಬೇಕಾಗಬಹುದೇ, ಹಾಗಿದ್ದರೆ ಎಷ್ಟು ಹೊತ್ತು ಉಪವಾಸ ಇರಬೇಕು ಎಂಬುದನ್ನು ಹೊರಡುವ ಮುನ್ನವೇ ಫೋನಿನಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಾರೀಖು ಸಿಕ್ಕಿದರೆ, ರಸ್ತೆ ಮುಚ್ಚಿದಾಗ ಮುಂದಿನ ಸಮಯ ಹೇಗೆ ಪಡೆಯುವುದು ಎಂದೂ ಕೇಳಿಟ್ಟುಕೊಳ್ಳಿ.

ಹೆಜ್ಜೆ 3: ಮೊದಲ ಆರೆಂಟು ವಾರ

ಈ ಅವಧಿಯಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯಲು ಮಗುವಿಗೆ ಸಾಮಾನ್ಯವಾಗಿ ಸಣ್ಣ ಪ್ರಮಾಣದ ಆಸ್ಪಿರಿನ್ ಇರುತ್ತದೆ, ತೂಕದ ಪ್ರತಿ ಕಿಲೋಗೆ ದಿನಕ್ಕೆ 3ರಿಂದ 5 ಮಿಲಿಗ್ರಾಂ. ಅರ್ಧ ಮಾತ್ರೆ, ಕಾಲು ಮಾತ್ರೆ ಎಂದು ಬರೆದಿದ್ದರೆ ಔಷಧದಂಗಡಿಯಲ್ಲಿ ಹೊರಕವಚವಿಲ್ಲದ ಮಾತ್ರೆಯನ್ನೇ ಕೇಳಿ ಪಡೆಯಿರಿ. ಹೊಟ್ಟೆಯಲ್ಲಿ ಕರಗದಂತೆ ಕವಚ ಹಾಕಿದ ಮಾತ್ರೆಯನ್ನು ಮುರಿದರೆ ಕವಚ ಇದ್ದೂ ಇಲ್ಲದಂತಾಗುತ್ತದೆ. ಜ್ವರ ಬಂದರೆ ಐಬುಪ್ರೊಫೆನ್ ಕೊಡಬಾರದು, ಅದು ಆಸ್ಪಿರಿನ್ ಮಾಡುವ ಕೆಲಸಕ್ಕೆ ಅಡ್ಡಿಯಾಗುತ್ತದೆ. ಪ್ಯಾರಾಸಿಟಮಾಲ್ ಕೊಡಬಹುದು, ಆದರೆ ಮತ್ತೆ ಬಂದ ಜ್ವರವನ್ನು ವೈದ್ಯರಿಗೆ ತಿಳಿಸಲೇಬೇಕು. ಆಸ್ಪಿರಿನ್ ತೆಗೆದುಕೊಳ್ಳುತ್ತಿರುವ ಮಗುವಿಗೆ ಚಿಕನ್‌ಪಾಕ್ಸ್ ಅಥವಾ ಫ್ಲೂ ಜ್ವರ ಬಂದರೆ, ಅಥವಾ ಅವು ಇರುವ ಮನೆಯಲ್ಲಿ ಮಗು ಆಡಿಬಂದಿದ್ದರೆ, ಅದೇ ದಿನ ವೈದ್ಯರಿಗೆ ಫೋನ್ ಮಾಡಿ. ಇವುಗಳ ಜೊತೆ ಆಸ್ಪಿರಿನ್ ಸೇರಿದಾಗ ಯಕೃತ್ತು ಮತ್ತು ಮಿದುಳಿಗೆ ಹಾನಿ ಮಾಡುವ ರೈ ಸಿಂಡ್ರೋಮ್ ಎಂಬ ಅಪರೂಪದ, ಆದರೆ ಘೋರವಾದ ತೊಂದರೆ ಬರಬಹುದು.

ಆಟದ ವಿಷಯದಲ್ಲಿ ಈ ವಾರಗಳು ನಡಿಗೆಯ ವಾರಗಳು. ಮನೆಯೊಳಗಿನ ಓಡಾಟ, ಅಂಗಳದ ಆಟ, ಸಮತಟ್ಟಾದ ದಾರಿಯಲ್ಲಿ ನಡೆಯುವುದು ಇರಲಿ. ಓಟದ ಪಂದ್ಯ, ಹಾಕಿ, ದೈಹಿಕ ಶಿಕ್ಷಣದ ಪೀರಿಯಡ್ಡು ಸದ್ಯಕ್ಕೆ ಬೇಡ. ಹಾಸಿಗೆಯಲ್ಲೇ ಕೂರಿಸುವ ಅಗತ್ಯ, ವೈದ್ಯರು ಹೇಳದ ಹೊರತು, ಇಲ್ಲ.

ಹೆಜ್ಜೆ 4: ಮಗು ಯಾವ ಗುಂಪಿಗೆ ಸೇರಿದೆ ಎಂದು ಕೇಳಿ ತಿಳಿಯಿರಿ

ಎಕೋ ವರದಿಯಲ್ಲಿ ಝಡ್ ಸ್ಕೋರ್ ಎಂಬ ಅಂಕಿ ಇರುತ್ತದೆ. ಅದೇ ಮೈಗಾತ್ರದ ಆರೋಗ್ಯವಂತ ಮಕ್ಕಳ ನಾಳದ ಅಗಲಕ್ಕಿಂತ ನಿಮ್ಮ ಮಗುವಿನ ನಾಳ ಎಷ್ಟು ಭಿನ್ನವಾಗಿದೆ ಎಂಬುದನ್ನು ಅದು ಹೇಳುತ್ತದೆ. ಅಂಕಿ 2ಕ್ಕಿಂತ ಕಡಿಮೆಯಿದ್ದರೆ ಸಹಜ, 2ರಿಂದ 2.5ರೊಳಗೆ ಬರಿಯ ಹಿಗ್ಗುವಿಕೆ, 2.5ರಿಂದ 5ರೊಳಗೆ ಸಣ್ಣ ಉಬ್ಬು. 5ರಿಂದ 10ರೊಳಗೆ ಮಧ್ಯಮ. 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ನಾಳದ ಅಗಲವೇ 8 ಮಿಲಿಮೀಟರ್ ಮುಟ್ಟಿದ್ದರೆ ದೈತ್ಯ ಉಬ್ಬು. ವರದಿಯಲ್ಲಿ ಈ ಅಂಕಿ ಕಾಣದಿದ್ದರೆ ಸಂಕೋಚವಿಲ್ಲದೆ ಕೇಳಿ.

ನಾಳಗಳು ಮೊದಲಿಂದಲೂ ಸಹಜವಾಗಿದ್ದ ಮಗುವಿಗೆ ಆರೆಂಟು ವಾರಗಳ ನಂತರ ಆಟೋಟಕ್ಕೆ ಯಾವ ನಿರ್ಬಂಧವೂ ಬೇಕಿಲ್ಲ ಎಂಬುದು ವೈದ್ಯಲೋಕದಲ್ಲಿ ಒಪ್ಪಿತವಾದ ಮಾತು. ಇಂಥ ಮಕ್ಕಳ ವ್ಯಾಯಾಮ ಸಾಮರ್ಥ್ಯ ಓರಗೆಯ ಮಕ್ಕಳದ್ದಕ್ಕೆ ಬಹುಮಟ್ಟಿಗೆ ಸಮನಾಗಿಯೇ ಇರುತ್ತದೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಅನ್ಯಾಯವಾಗುವುದು ಈ ಗುಂಪಿಗೇ. "ಹಾರ್ಟಿನ ತೊಂದರೆ ಇದ್ದ ಮಗು, ಓಡಿಸಬೇಡಿ ಸಾರ್" ಎಂದು ಒಂದನೇ ತರಗತಿಯಲ್ಲಿ ಮೇಷ್ಟ್ರಿಗೆ ಹೇಳಿದ ಮಾತು ಏಳನೇ ತರಗತಿಯವರೆಗೂ ಹಿಂಬಾಲಿಸುತ್ತದೆ. ಅಷ್ಟರಲ್ಲಿ ಮಗುವಿಗೆ ಮೈ ಬಂದಿರುತ್ತದೆ, ಏದುಸಿರು ಬರುತ್ತಿರುತ್ತದೆ, ಆ ಏದುಸಿರೇ ಹಳೆಯ ಕಾಯಿಲೆಯ ಗುರುತೆಂದು ಮನೆಯವರು ಮತ್ತಷ್ಟು ಕೂರಿಸುತ್ತಾರೆ.

ಸಣ್ಣ ಉಬ್ಬುಗಳಲ್ಲಿ ಹೆಚ್ಚಿನವು ಒಂದೆರಡು ವರ್ಷಗಳಲ್ಲಿ ಸಹಜ ಅಳತೆಗೆ ಮರಳುತ್ತವೆ. ಅಳತೆ ಮರಳಿದರೂ ಗೋಡೆಯ ಗುಣ ಪೂರ್ತಿ ಮೊದಲಿನಂತಾಗುವುದಿಲ್ಲವಾದ್ದರಿಂದ ತಪಾಸಣೆ ಮುಂದುವರಿಯಬೇಕು, ಆಟವೂ ಮುಂದುವರಿಯಬಹುದು. ಮಧ್ಯಮ ಮತ್ತು ದೈತ್ಯ ಉಬ್ಬಿರುವ ಮಕ್ಕಳ ಆಟವನ್ನು ಮಾತ್ರ ಮುಂದಿನ ಹೆಜ್ಜೆಯ ಪರೀಕ್ಷೆಯ ಫಲಿತಾಂಶ ನೋಡಿಯೇ ನಿರ್ಧರಿಸಬೇಕು.

ಕೋವಿಡ್ ಸೋಂಕಾದ ಎರಡರಿಂದ ಆರು ವಾರಗಳಲ್ಲಿ ಬರುವ, ಎಂಐಎಸ್-ಸಿ ಎಂದು ಕರೆಯುವ ಬಹು ಅಂಗಗಳ ಉರಿಯೂತ ಹಲವು ಲಕ್ಷಣಗಳಲ್ಲಿ ಕವಾಸಾಕಿಯನ್ನು ಹೋಲುತ್ತದೆ. ಆದರೆ ಅದರಲ್ಲಿ ಹೃದಯದ ಸ್ನಾಯುವಿಗೇ ಪೆಟ್ಟು ಬೀಳುವುದು ಹೆಚ್ಚು. ಹೃದಯದ ಸ್ನಾಯು ಊದಿಕೊಂಡಿದ್ದ ಮಗುವನ್ನು ಮೂರರಿಂದ ಆರು ತಿಂಗಳು ಸ್ಪರ್ಧೆಯ ಆಟಗಳಿಂದ ದೂರ ಇಟ್ಟು, ಇಸಿಜಿ, ಎಕೋ, ಅಗತ್ಯವಿದ್ದರೆ 24 ಗಂಟೆ ಹೃದಯದ ಲಯವನ್ನು ದಾಖಲಿಸುವ ಹೋಲ್ಟರ್ ಪರೀಕ್ಷೆ ಸಹಜವೆಂದು ಬಂದ ಮೇಲೆಯೇ ಮೈದಾನಕ್ಕೆ ಬಿಡುತ್ತಾರೆ. ಹೃದಯ ಚೇತರಿಸಿಕೊಂಡ ಮೇಲೂ ಕೆಲವು ತಿಂಗಳು ಈ ಮಕ್ಕಳು ಬೇಗ ದಣಿಯುವುದುಂಟು; ಅದಕ್ಕೆ ಬಹುಪಾಲು ಕಾರಣ ದೀರ್ಘ ವಿಶ್ರಾಂತಿಯಿಂದ ಮೈ ಸೋತಿರುವುದು.

ಹೆಜ್ಜೆ 5: ವ್ಯಾಯಾಮ ಪರೀಕ್ಷೆಗೆ ಸಿದ್ಧರಾಗುವುದು

ಆರೇಳು ವರ್ಷ ದಾಟಿ, ಟ್ರೆಡ್‌ಮಿಲ್ಲಿನ ಕಂಬಿ ಕೈಗೆಟುಕುವಷ್ಟು ಎತ್ತರ ಬೆಳೆದ ಮೇಲೆ ಈ ಪರೀಕ್ಷೆ ಸಾಧ್ಯ. ಬ್ರೂಸ್ ವಿಧಾನದಲ್ಲಿ ಮೊದಲ ಮೂರು ನಿಮಿಷ ಗಂಟೆಗೆ 2.7 ಕಿಲೋಮೀಟರ್ ವೇಗ, ನೂರಕ್ಕೆ ಹತ್ತರ ಏರು. ಆಮೇಲೆ ಮೂರು ಮೂರು ನಿಮಿಷಕ್ಕೊಮ್ಮೆ ವೇಗವೂ ಏರೂ ಹೆಚ್ಚುತ್ತಾ ಹೋಗುತ್ತವೆ. ಏರು ಹತ್ತುವುದು ಕೊಡಗಿನ ಮಗುವಿಗೆ ಹೊಸದೇನಲ್ಲ. ಹೊಸದೆಂದರೆ ಕಾಲಡಿಯ ನೆಲ ಓಡುವುದು, ಎದೆಗೆ ಅಂಟಿಸಿದ ತಂತಿಗಳು, ಕೆಲವು ಕಡೆ ಉಸಿರನ್ನು ಅಳೆಯಲು ಬಾಯಿ ಮೂಗಿಗೆ ಹಾಕುವ ಮುಖವಾಡ. ಮುಖವಾಡದ ಚಿತ್ರವನ್ನು ಮೊದಲೇ ತೋರಿಸಿ ಒಪ್ಪಿಸಿದರೆ ಅರ್ಧ ಕೆಲಸ ಮುಗಿದಂತೆ. ಎರಡು ಮೂರು ಗಂಟೆ ಮುಂಚೆ ಹಗುರವಾಗಿ ತಿನ್ನಿಸಿ, ಕಾಲಿಗೆ ಸರಿಯಾಗಿ ಕೂರುವ ಕ್ಯಾನ್ವಾಸ್ ಶೂ ಹಾಕಿಸಿ. ಚಪ್ಪಲಿಯಲ್ಲಿ ಬಂದ ಮಕ್ಕಳಿಗೆ ಪರೀಕ್ಷೆ ನಡೆಸಲು ಬರುವುದಿಲ್ಲ. ದಿನದ ಔಷಧ ಕೊಡಬೇಕೋ ಬಿಡಬೇಕೋ ಎಂಬುದನ್ನು ಮಾತ್ರ ವೈದ್ಯರನ್ನೇ ಕೇಳಿ.

ಮುಖವಾಡ ಹಾಕಿ ಮಾಡಿದ ಪರೀಕ್ಷೆಯಲ್ಲಿ, ಮೈ ಪೂರ್ತಿ ದುಡಿಯುವಾಗ ಎಷ್ಟು ಆಮ್ಲಜನಕ ಬಳಸಿತು ಎಂಬುದು ಸಿಗುತ್ತದೆ, ಮತ್ತು ಅದನ್ನು ಆ ವಯಸ್ಸಿಗೆ ನಿರೀಕ್ಷಿತವಾದುದರ ಶೇಕಡಾವಾರು ಲೆಕ್ಕದಲ್ಲಿ ಹೇಳುತ್ತಾರೆ. ಶೇ 80ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಸಹಜವೆಂದು ಎಣಿಸುತ್ತಾರೆ. ಅಂಕಿ ಕಡಿಮೆ ಬಂದೊಡನೆ ಹೃದಯವನ್ನು ದೂರಬೇಡಿ. ಲೆಕ್ಕ ಮೈತೂಕದ ಪ್ರತಿ ಕಿಲೋಗೆ ಆಗುವುದರಿಂದ ತೂಕ ಹೆಚ್ಚಿರುವ ಮಗುವಿನ ಅಂಕಿ ತಾನಾಗಿ ಇಳಿಯುತ್ತದೆ, ಅಭ್ಯಾಸವಿಲ್ಲದ ಮಗುವಿನದೂ ಇಳಿಯುತ್ತದೆ. ಹೃದಯದ ಕಡೆಗೆ ಬೆರಳು ತೋರಿಸುವ ಗುರುತುಗಳು ಬೇರೆ: ಶ್ರಮ ಹೆಚ್ಚಿದಾಗ ರಕ್ತದೊತ್ತಡ ಏರದಿರುವುದು, ಇಸಿಜಿಯಲ್ಲಿ ರಕ್ತದ ಕೊರತೆಯ ಬದಲಾವಣೆ, ಲಯ ತಪ್ಪುವುದು, ಎದೆನೋವು. "ಅಂಕಿ ಕಡಿಮೆ ಇರುವುದು ಹೃದಯದಿಂದಲೋ ಅಭ್ಯಾಸ ಇಲ್ಲದ್ದರಿಂದಲೋ?" ಎಂದು ನೇರವಾಗಿ ಕೇಳಿ ಉತ್ತರವನ್ನು ಬರೆದುಕೊಳ್ಳಿ. ಮುಂದಿನ ಹೆಜ್ಜೆಗಳೆಲ್ಲ ಆ ಉತ್ತರವನ್ನು ಅವಲಂಬಿಸಿವೆ.

ಹೆಜ್ಜೆ 6: ಮನೆಯಲ್ಲಿ ಶಕ್ತಿ ಬೆಳೆಸುವುದು

ವೈದ್ಯರ ಅನುಮತಿ ಸಿಕ್ಕ ಮೇಲೆ, ಗೇಟಿನಿಂದ ಮನೆಯವರೆಗಿನ ಏರನ್ನೋ ಬಸ್ ನಿಲ್ದಾಣದ ದಾರಿಯನ್ನೋ ಆರಿಸಿಕೊಂಡು, ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ಮಗುವಿನ ಜೊತೆ ಹತ್ತಿ. ಎಷ್ಟು ನಿಮಿಷ ಹಿಡಿಯಿತು, ಎಷ್ಟು ಕಡೆ ನಿಂತಿತು, ಮೇಲೆ ಬಂದಾಗ ಒಂದು ವಾಕ್ಯವನ್ನು ತಡೆಯದೆ ಹೇಳಬಲ್ಲದೇ, ಉಸಿರು ಹದಕ್ಕೆ ಬರಲು ಎಷ್ಟು ಹೊತ್ತಾಯಿತು ಎಂಬುದನ್ನು ಪುಸ್ತಕದಲ್ಲಿ ಬರೆಯಿರಿ. ಇದು ಪರೀಕ್ಷೆಗೆ ಬದಲಿಯಾಗುವುದಿಲ್ಲ, ಆದರೆ ತಿಂಗಳುಗಳ ಈ ಬರಹ ವೈದ್ಯರಿಗೆ ಬಹಳ ಹೇಳುತ್ತದೆ. ದಿನನಿತ್ಯದ ಆಟದಲ್ಲಿ ಮಗು ಏದುತ್ತಲೇ ಮಾತಾಡಬಲ್ಲದು, ಹಾಡಲಾರದು ಎಂಬಷ್ಟು ಶ್ರಮ ಸಾಕು. ಐದು ವರ್ಷ ದಾಟಿದ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 60 ನಿಮಿಷದ ಗುರಿಯನ್ನು ಹತ್ತು ಹತ್ತು ನಿಮಿಷಗಳಿಂದ ಆರಂಭಿಸಿ ಕೆಲವು ವಾರಗಳಲ್ಲಿ ಮುಟ್ಟಬಹುದು.

ನಮ್ಮಲ್ಲಿ ತೊಡಕಾಗುವುದು ಮಳೆಗಾಲ. ಬೇಸಿಗೆಯಲ್ಲಿ ಗಳಿಸಿದ ಶಕ್ತಿಯನ್ನು ಮೂರು ತಿಂಗಳು ಒಲೆಯ ಪಕ್ಕ ಕೂತು ಕಳೆದುಕೊಳ್ಳುವುದು ಸುಲಭ. ಜಗಲಿಯಲ್ಲಿ ಹಗ್ಗದಾಟ, ಮೆಟ್ಟಿಲು ಹತ್ತಿ ಇಳಿಯುವುದು ಆಗುತ್ತದೆ; ಇವೆರಡಕ್ಕಿಂತ ಮಕ್ಕಳು ಬೇಸರವಿಲ್ಲದೆ ಮಾಡುವುದು ವಾಲಗಕ್ಕೆ ಕುಣಿಯುವುದನ್ನು. ಫೋನಿನಲ್ಲಿ ವಾಲಗ ಹಾಕಿ ಅಜ್ಜಿಯಿಂದ ಮೊಮ್ಮಗಳವರೆಗೆ ಮನೆಯವರೆಲ್ಲ ಕಾಲು ಗಂಟೆ ಕುಣಿದರೆ ಅದು ಒಳ್ಳೆಯ ವ್ಯಾಯಾಮವೇ. ಡಿಸೆಂಬರಿನಿಂದ ಕಾಫಿ ಕುಯ್ಲಿನ ದಿನಗಳಲ್ಲಿ ಕಣದ ತುಂಬ ಕಾಫಿ ಹರಡಿರುವುದರಿಂದ ಆಟಕ್ಕೆ ಬೇರೆ ಜಾಗ ನೋಡಿಕೊಳ್ಳಬೇಕಾಗುತ್ತದೆ.

ಹೆಜ್ಜೆ 7: ಶಾಲೆಗೆ ಒಂದು ಪತ್ರ

"ಹುಷಾರಾಗಿ ನೋಡಿಕೊಳ್ಳಿ" ಎಂಬ ಬಾಯಿಮಾತಿಗಿಂತ ವೈದ್ಯರ ಸಹಿಯಿರುವ ಮೂರು ಸಾಲಿನ ಪತ್ರ ಮೇಲು. ಮೊದಲ ಸಾಲಿನಲ್ಲಿ ಮಗು ಏನೆಲ್ಲ ಆಡಬಹುದು, ಎರಡನೆಯದರಲ್ಲಿ ಯಾವುದನ್ನು ಆಡಬಾರದು, ಮೂರನೆಯದರಲ್ಲಿ ಏನು ಕಂಡರೆ ಆಟ ನಿಲ್ಲಿಸಿ ಯಾರಿಗೆ ಫೋನ್ ಮಾಡಬೇಕು ಎಂಬುದಿರಲಿ. ಪತ್ರದ ಮೇಲೆ ತಾರೀಖು ಇರಲಿ, ಪ್ರತಿ ಎಕೋ ಆದ ಮೇಲೆ ಹೊಸ ಪತ್ರ ಕೊಡಿ. ನಿರ್ಬಂಧ ತೆಗೆದಾಗ ಅದನ್ನೂ ಬರಹದಲ್ಲೇ ತಿಳಿಸಿ, ಇಲ್ಲದಿದ್ದರೆ ಹಳೆಯ ಪತ್ರವೇ ಚಲಾವಣೆಯಲ್ಲಿರುತ್ತದೆ.

ರಕ್ತ ತೆಳುಗೊಳಿಸುವ ಔಷಧದಲ್ಲಿರುವ ಮಕ್ಕಳಿಗೆ

ದೈತ್ಯ ಉಬ್ಬಿರುವ ಮಕ್ಕಳಿಗೆ ಆಸ್ಪಿರಿನ್ ಜೊತೆ ವಾರ್ಫರಿನ್ ಕೂಡ ಇರುವುದುಂಟು; ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಐಎನ್‌ಆರ್ ಎಂಬ ರಕ್ತ ಪರೀಕ್ಷೆಯ ಅಂಕಿ ಸಾಮಾನ್ಯವಾಗಿ 2ರಿಂದ 3ರ ನಡುವೆ ನಿಲ್ಲಬೇಕು. ಇಂಥ ಮಕ್ಕಳಿಗೆ ಮೈಗೆ ಮೈ ತಾಗುವ, ಚೆಂಡು ಬಡಿಯುವ ಆಟಗಳು ಸಲ್ಲ. ಹಾಕಿಯನ್ನು ಬಿಡಿಸುವುದು ಕೊಡಗಿನ ಮನೆಯಲ್ಲಿ ಎಷ್ಟು ಕಷ್ಟವೆಂದು ಗೊತ್ತು: 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವದಲ್ಲಿ ಮನೆತನದ ಹೆಸರಿನಲ್ಲಿ ಆಡುವ ಆಸೆ ಇಲ್ಲಿನ ಬಹಳ ಮಕ್ಕಳಿಗಿದೆ. ಆದರೂ ತಲೆಗೆ ಬಿದ್ದ ಒಂದು ಪೆಟ್ಟು ಒಳಗೆ ರಕ್ತ ಸೋರಿಸಬಹುದಾದ್ದರಿಂದ ಇಲ್ಲಿ ರಾಜಿ ಬೇಡ. ನಡಿಗೆ, ಬ್ಯಾಡ್ಮಿಂಟನ್, ತಜ್ಞರು ಒಪ್ಪಿದರೆ ಹಗುರ ಓಟ ಇರಲಿ. ತಂಡದಲ್ಲಿ ಸ್ಕೋರು ಬರೆಯುವ ಕೆಲಸವನ್ನೋ ಅಂಪೈರಿಂಗ್ ಕಲಿಯುವ ಅವಕಾಶವನ್ನೋ ಕೊಟ್ಟರೆ ಮೈದಾನದ ನಂಟು ತಪ್ಪುವುದಿಲ್ಲ.

ತೋಟದ ದಾರಿಯ ಜಿಗಣೆಯನ್ನು ಯಾವ ವೈದ್ಯಕೀಯ ಕರಪತ್ರವೂ ಹೇಳುವುದಿಲ್ಲ. ಕಚ್ಚುವಾಗಲೇ ರಕ್ತ ಹೆಪ್ಪುಗಟ್ಟದಂತೆ ಮಾಡುವ ದ್ರವವನ್ನು ಅದು ಗಾಯಕ್ಕೆ ಬಿಡುತ್ತದೆ. ವಾರ್ಫರಿನ್ ತೆಗೆದುಕೊಳ್ಳುವ ಮಗುವಿಗೆ ಅದರಿಂದ ರಕ್ತ ಬಹಳ ಹೊತ್ತು ಒಸರಬಹುದು. ಮೊಣಕಾಲಿನವರೆಗೆ ಒತ್ತಾದ ಕಾಲುಚೀಲ ಹಾಕಿಸಿ, ಮನೆಗೆ ಬಂದೊಡನೆ ಬೆರಳ ಸಂದುಗಳನ್ನು ನೋಡಿ. ಕಚ್ಚಿಕೊಂಡಿದ್ದರೆ ಉಗುರಿನಿಂದ ಬಾಯಿಯ ಬದಿಯನ್ನು ಸರಿಸಿ ಬಿಡಿಸಿ, ಶುಭ್ರ ಬಟ್ಟೆಯಿಂದ ಹದಿನೈದು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಅರ್ಧ ಗಂಟೆಯಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ.

ಸೊಪ್ಪು ತರಕಾರಿಯಲ್ಲಿರುವ ಕೆ ಜೀವಸತ್ವ ವಾರ್ಫರಿನ್ನಿನ ಬಲವನ್ನು ಕುಗ್ಗಿಸುತ್ತದೆ. ಸೊಪ್ಪನ್ನೇ ಬಿಡಬೇಕಾಗಿಲ್ಲ, ವಾರದಿಂದ ವಾರಕ್ಕೆ ಪ್ರಮಾಣ ಹೆಚ್ಚು ಕಡಿಮೆ ಒಂದೇ ಇದ್ದರೆ ಸಾಕು. ಕಕ್ಕಡ ಹದಿನೆಂಟರಂದು ಮಾಡುವ ಮದ್ದುಸೊಪ್ಪಿನ ಪಾಯಸವನ್ನೂ ನಾಟಿ ಮದ್ದುಗಳನ್ನೂ ಈ ಮಗುವಿಗೆ ಕೊಡುವ ಮೊದಲು ವೈದ್ಯರನ್ನು ಕೇಳಿ. ಮಳೆ ಹಿಡಿಯುವ ಮುನ್ನ, ಮೇ ತಿಂಗಳಲ್ಲೇ, ಎರಡು ಮೂರು ವಾರಕ್ಕಾಗುವ ಔಷಧವನ್ನು ಹೆಚ್ಚುವರಿಯಾಗಿ ಮನೆಯಲ್ಲಿಡಿ. ಮರ ಬಿದ್ದು, ಗುಡ್ಡ ಜರಿದು ರಸ್ತೆ ಕಟ್ಟಿದ ದಿನ ಔಷಧ ತಪ್ಪಬಾರದು.

ತಕ್ಷಣ ಹೊರಡಬೇಕಾದ ಲಕ್ಷಣಗಳು

ಆಡುವಾಗ ಎದೆನೋವು ಅಥವಾ ಎದೆ ಬಿಗಿತ, ಎಚ್ಚರ ತಪ್ಪುವುದು, ಕಾರಣವಿಲ್ಲದೆ ಎದೆ ಡವಗುಟ್ಟುವುದು, ಏರು ಹತ್ತುತ್ತಿದ್ದ ಮಗು ಇದ್ದಕ್ಕಿದ್ದಂತೆ ಹತ್ತಲಾಗದೆ ಕೂತುಬಿಡುವುದು ಇವು ಕಂಡರೆ ಆಟ ನಿಲ್ಲಿಸಿ 108ಕ್ಕೆ ಕರೆ ಮಾಡಬೇಕು. ಮಾತು ಬಾರದ ಮಗುವಿನಲ್ಲಿ ಸಮಾಧಾನವಾಗದ ಅಳು, ಬಿಳಿಚಿಕೊಂಡ ಮೈ, ತಣ್ಣನೆಯ ಬೆವರು, ಮತ್ತೆ ಮತ್ತೆ ವಾಂತಿ ಇವೂ ಹೃದಯದ ಲಕ್ಷಣಗಳಿರಬಹುದು. ಫೋನಿಗೆ ಸಿಗ್ನಲ್ ಸಿಗದ ತೋಟಗಳಲ್ಲಿ ಯಾರ ಜೀಪು, ಯಾವ ದಾರಿ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಆಂಬುಲೆನ್ಸಿನವರಿಗೆ ಮೊದಲ ಮಾತೇ "ಮಗುವಿಗೆ ಕವಾಸಾಕಿ ಆಗಿತ್ತು" ಎಂದಿರಲಿ. ಇಲ್ಲದಿದ್ದರೆ ಚಿಕ್ಕ ಮಗುವಿನ ಎದೆನೋವನ್ನು ಹೃದಯಾಘಾತವೆಂದು ಯಾರೂ ಮೊದಲಿಗೆ ಊಹಿಸುವುದಿಲ್ಲ.

ಹದಿಹರೆಯಕ್ಕೆ ಬಂದಾಗ

ಹನ್ನೆರಡು ಹದಿಮೂರರ ಹೊತ್ತಿಗೆ ತನಗೇನಾಗಿತ್ತು, ಯಾವ ಔಷಧ ಏಕೆ ಎಂಬುದನ್ನು ಮಗು ತಾನೇ ಹೇಳುವಂತಾಗಬೇಕು. ಉಬ್ಬು ಇದ್ದ ಮಕ್ಕಳಿಗೆ ಕೊಬ್ಬಿನಂಶದ ರಕ್ತ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಅದಕ್ಕಾಗಿ ಪಂದಿಕರಿಯನ್ನು ಮನೆಯಿಂದ ಹೊರಗೆ ಹಾಕಬೇಕಾಗಿಲ್ಲ, ಮಗುವಿನ ತಟ್ಟೆಗೆ ಬೀಳುವ ಕೊಬ್ಬಿನ ತುಂಡುಗಳು ಕಡಿಮೆಯಾದರೆ ಆಯಿತು. ಬೀಡಿ ಸಿಗರೇಟಿನಿಂದ ದೂರವಿರುವುದು ಇವರಿಗೆ ಇತರರಿಗಿಂತ ಹೆಚ್ಚು ಮುಖ್ಯ. ಉಬ್ಬು ಉಳಿದಿರುವ ಹೆಣ್ಣುಮಕ್ಕಳು ಮುಂದೆ ಗರ್ಭಧಾರಣೆಗೆ ಮುನ್ನ, ಮತ್ತು ಈಸ್ಟ್ರೋಜನ್ ಇರುವ ಹಾರ್ಮೋನ್ ಮಾತ್ರೆಗಳನ್ನು ಆರಂಭಿಸುವ ಮುನ್ನ ಹೃದ್ರೋಗ ತಜ್ಞರನ್ನು ಕಾಣಬೇಕು.

ಮಡಿಕೇರಿಯಲ್ಲೋ ಪೊನ್ನಂಪೇಟೆಯಲ್ಲೋ ಕ್ರೀಡಾ ವಸತಿನಿಲಯದ ಆಯ್ಕೆಗೆ ಮಗು ಹೋಗುವುದಾದರೆ, ಅರ್ಜಿಯಲ್ಲಿ ಹಿಂದಿನ ಕಾಯಿಲೆಗಳ ಜಾಗವನ್ನು ಖಾಲಿ ಬಿಡಬೇಡಿ. ನಾಳಗಳು ಸಹಜವಾಗಿರುವ ಮಗುವನ್ನು ಬರಿಯ ಕಾಯಿಲೆಯ ಹೆಸರು ಕೇಳಿ ಹಿಂದಕ್ಕೆ ಕಳುಹಿಸಲು ವೈದ್ಯಕೀಯ ಕಾರಣವಿಲ್ಲ. ಇತ್ತೀಚಿನ ಎಕೋ ವರದಿಯ ಪ್ರತಿಯನ್ನೂ ತಜ್ಞರ ಪತ್ರವನ್ನೂ ಅರ್ಜಿಗೆ ಲಗತ್ತಿಸಿ, ಅವುಗಳ ಇನ್ನೊಂದೊಂದು ಪ್ರತಿಯನ್ನು ವಾರ್ಡನ್ನರಿಗೂ ತರಬೇತುದಾರರಿಗೂ ಕೊಟ್ಟು ಬನ್ನಿ.